ಹೆಸರು ಓಡಿಸಬೇಡಿ: ಕನ್ನಡದ ಸಸ್ಪೆನ್ಸ್ ಸಿನಿಮಾ ಶುರುವಾಗುವ ಬಗೆ

ಚನ್ನಗಿರಿ ತಾಲ್ಲೂಕಿನ ಒಂದು ಊರು. ರಾತ್ರಿ ಎಂಟೂವರೆ. ಅಡಿಕೆ ಕೊಯ್ಲಿನ ಸುದ್ದಿ ಮಾಡಲು ಹೋಗಿದ್ದೆವು. ಚಪ್ಪರದಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಕಂಬಕ್ಕೆ ಕಟ್ಟಿದ ಮೊಬೈಲ್‌ನಲ್ಲಿ ಯಾವುದೋ ಸಸ್ಪೆನ್ಸ್ ಸಿನಿಮಾ ಶುರುವಾಗಿತ್ತು. ಕತ್ತಲೆ, ಮಳೆ, ಒಂದು ಕಾರು. ಅದರ ಮೇಲೆ ಹೆಸರುಗಳು ಬರತೊಡಗಿದವು.

"ಹೆಸ್ರು ಓಡ್ಸೋ ತಮ್ಮಾ, ಕತೆ ಹಾಕು" ಅಂದರು ಒಬ್ಬರು.

ಹುಡುಗ ಬೆರಳಲ್ಲಿ ಸರಿಸಿದ. ಸಿನಿಮಾ ಐದು ನಿಮಿಷ ಮುಂದಕ್ಕೆ ಹೋಯಿತು. ಅರ್ಧ ಗಂಟೆ ಕಳೆದ ಮೇಲೆ ಅದೇ ಅಕ್ಕ ಕೇಳಿದರು: "ಈ ಕಾರು ಯಾರದಪ್ಪಾ?" ಚಪ್ಪರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಉತ್ತರ ಇದ್ದದ್ದು ಓಡಿಸಿದ ಆ ಐದು ನಿಮಿಷದಲ್ಲೇ.

ಆ ರಾತ್ರಿ ಬೈಕಿನಲ್ಲಿ ವಾಪಸ್ ಬರುವಾಗ ನಾವು ಮಾತಾಡಿಕೊಂಡದ್ದೇ ಈ ಬರಹ. ಸಿನಿಮಾದ ಮೊದಲ ಐದು ನಿಮಿಷಕ್ಕೆ ಒಂದು ಚರಿತ್ರೆ ಇದೆ. ಅದರಲ್ಲೂ ಥ್ರಿಲ್ಲರ್ ಸಿನಿಮಾದಲ್ಲಿ ಕಥೆಯ ಮೊದಲ ಸುಳಿವು ಇರುವುದು ಅಲ್ಲೇ, ಕೆಲಸ ಮಾಡಿದವರ ಹೆಸರು ಇರುವುದೂ ಅಲ್ಲೇ. ಆದರೆ ನಮ್ಮ ಕಡೆ ಯಾವ ಕಾಲದಲ್ಲೂ ಮೊದಲು ಕತ್ತರಿ ಬಿದ್ದದ್ದು ಆ ಭಾಗಕ್ಕೇ.

ನೀವು ಯಾರು, ಬಂದ ಕಾರಣವೇನು?

ಸಿನಿಮಾಕ್ಕಿಂತ ಹಿಂದೆ ಹೋಗೋಣ. ನಮ್ಮ ಭಾಗದ ಬಯಲಾಟದಲ್ಲಿ ಮೊದಲು ಗಣಪತಿ ಸ್ತುತಿ. ಆಮೇಲೆ ಸಾರಥಿ. ರಂಗಕ್ಕೆ ಬಂದ ಪಾತ್ರವನ್ನು ಅವನು ತಡೆದು ನಿಲ್ಲಿಸಿ, ತಾವು ಯಾರು, ಯಾವ ದೇಶದ ದೊರೆ, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರ ತನ್ನ ಹೆಸರು, ಕುಲ, ಕೆಲಸ ಎಲ್ಲ ಹೇಳಿಕೊಂಡ ಮೇಲೆಯೇ ಕಥೆ ಮುಂದಕ್ಕೆ. ದಾವಣಗೆರೆಯ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯಂಥ ನಾಟಕ ಮಂಡಳಿಗಳಲ್ಲೂ ಪರದೆ ಏಳುವ ಮುಂಚೆ ಬೆಲ್ಲು, ಪ್ರಾರ್ಥನೆ ಇರುತ್ತಿದ್ದವು. ಜನ ಕೂತು, ಮಾತು ನಿಲ್ಲಿಸಿ, ಕಣ್ಣು ಒಂದು ಕಡೆ ಇಡಲು ಅಷ್ಟು ಹೊತ್ತು ಬೇಕು.

ಸಿನಿಮಾ ಇದನ್ನೇ ತೆಗೆದುಕೊಂಡಿತು. ದೇವರ ಪಟ, ಆರತಿ, ಸಂಸ್ಥೆಯ ಹೆಸರು, ಕೃತಜ್ಞತೆ, ತಾರಾಗಣ, ಕೊನೆಗೆ ನಿರ್ದೇಶಕರ ಹೆಸರು. ಈ ವರಸೆ ನಮಗೆಲ್ಲ ಬಾಯಿಪಾಠ. ಥ್ರಿಲ್ಲರ್ ಮಾಡಿದ ಕೆಲಸ ಇಷ್ಟೇ: ಸಾರಥಿಯ ಪ್ರಶ್ನೆಯನ್ನು ಉಳಿಸಿಕೊಂಡು ಉತ್ತರವನ್ನು ಬಚ್ಚಿಟ್ಟಿತು. ಪಾತ್ರ ರಂಗಕ್ಕೆ ಬರುತ್ತದೆ. ಮುಖ ಕಾಣುವುದಿಲ್ಲ. ಬೂಟು ಕಾಣುತ್ತದೆ, ಕೈಗವಸು ಕಾಣುತ್ತದೆ, ನೆರಳು ಕಾಣುತ್ತದೆ. ತಾವು ಯಾರು ಎಂದು ಕೇಳಲು ಸಾರಥಿ ಇಲ್ಲ. ಆ ಪ್ರಶ್ನೆಯನ್ನು ಕೊನೆಯ ರೀಲಿನವರೆಗೆ ಹೊತ್ತುಕೊಂಡು ಕೂರುವವರು ನಾವು.

ಹೆಸರಿನ ಜಾಗದಲ್ಲಿ ನಂಬರು

ಕನ್ನಡದಲ್ಲಿ ಇದು ದೊಡ್ಡದಾಗಿ ಕಾಣಿಸಿದ್ದು 1968ರಲ್ಲಿ. ಆ ವರ್ಷ ರಾಜ್‌ಕುಮಾರ್ ಅವರ 'ಜೇಡರ ಬಲೆ' ಬಂತು. ನಿರ್ದೇಶನ ದೊರೆ–ಭಗವಾನ್. ಇದು ಒಬ್ಬರ ಹೆಸರಲ್ಲ, ಬಿ. ದೊರೈರಾಜ್ ಮತ್ತು ಎಸ್.ಕೆ. ಭಗವಾನ್ ಇಬ್ಬರ ಹೆಸರು ಒಂದೇ ಸಾಲಿನಲ್ಲಿ. ಸಂಗೀತ ಜಿ.ಕೆ. ವೆಂಕಟೇಶ್. ಪೌರಾಣಿಕ ಪಾತ್ರಗಳಲ್ಲಿ ಕಿರೀಟ ಇಟ್ಟುಕೊಂಡು ನೋಡಿದ್ದ ರಾಜ್‌ಕುಮಾರ್, ಇಲ್ಲಿ ಸೂಟು ಹಾಕಿದ ಸಿ.ಐ.ಡಿ. 999. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಹೆಸರಲ್ಲೇ ನಂಬರು, ಹೆಸರಲ್ಲೇ 'ಆಪರೇಷನ್'. ಪೋಸ್ಟರ್ ಓದಿದವನಿಗೆ ಒಳಗೆ ಏನಿದೆ ಎಂದು ಗೊತ್ತಾಗಬೇಕು, ಪೂರ್ತಿ ಗೊತ್ತಾಗಬಾರದು. ಥ್ರಿಲ್ಲರ್ ಹೆಸರಿನ ಮೊದಲ ನಿಯಮ ಅದು.

ಈ ನಂಬರಿನ ಹಿಂದೆ ಇದ್ದದ್ದು ಇಂಗ್ಲಿಷ್‌ನ 007, ಜೇಮ್ಸ್ ಬಾಂಡ್. 1962ರ 'ಡಾಕ್ಟರ್ ನೋ' ಚಿತ್ರದ ಶುರುವಿನಲ್ಲಿ ಬಂದೂಕಿನ ನಳಿಗೆಯ ಒಳಗಿಂದ ನೋಡಿದ ಹಾಗೆ ಒಂದು ದೃಶ್ಯ ಇದೆ. ಒಬ್ಬ ನಡೆದು ಬರುತ್ತಾನೆ, ತಿರುಗಿ ನಮ್ಮತ್ತ ಗುಂಡು ಹಾರಿಸುತ್ತಾನೆ, ತೆರೆ ಕೆಂಪಾಗುತ್ತದೆ. ಮೌರಿಸ್ ಬೈಂಡರ್ ಎಂಬ ವಿನ್ಯಾಸಕ ಅದನ್ನು ನಿಜವಾದ ಪಿಸ್ತೂಲಿನ ನಳಿಗೆಯ ಮೂಲಕವೇ ಚಿತ್ರೀಕರಿಸಿದ. ಮೊದಲ ಮೂರು ಚಿತ್ರಗಳಲ್ಲಿ ಹಾಗೆ ನಡೆದು ಬರುವವನು ನಾಯಕ ಷಾನ್ ಕಾನರಿ ಅಲ್ಲ, ಬಾಬ್ ಸಿಮನ್ಸ್ ಎಂಬ ಸಾಹಸ ಕಲಾವಿದ. ಲೋಕವೆಲ್ಲ ನೋಡಿದ ನಡಿಗೆ, ನಡೆದವನು ಯಾರೆಂದು ಗೊತ್ತಿದ್ದವರು ಕಡಿಮೆ.

ಎರಡನೇ ಬಾಂಡ್ ಚಿತ್ರ 1963ರಲ್ಲಿ ಬಂತು. ಅದರಲ್ಲಿ ಇನ್ನೊಂದು ಪದ್ಧತಿ ಶುರುವಾಯಿತು. ಮೊದಲು ಒಂದು ಘಟನೆ, ಆಮೇಲೆ ಹೆಸರು. ಆ ಘಟನೆಯಲ್ಲಿ ಬಾಂಡ್ ಸತ್ತೇಹೋಗುತ್ತಾನೆ. ಮುಖವಾಡ ಕಿತ್ತರೆ ಬೇರೆ ಯಾರೋ. ನೋಡುವವನ ಎದೆ ಧಸಕ್ ಅಂದಾಗಲೇ ಹೆಸರುಗಳು ಓಡುತ್ತವೆ. ಇಂದು ಕನ್ನಡದಲ್ಲಿ ಬರುವ ಹೆಚ್ಚಿನ ಥ್ರಿಲ್ಲರ್‌ಗಳು ಇದೇ ದಾರಿ ಹಿಡಿದಿವೆ. ಮೊದಲು ಕೊಲೆ, ಆಮೇಲೆ ಟೈಟಲ್.

ತಡವಾಗಿ ಬಂದರೆ ಒಳಗೆ ಬಿಡೆವು

1960ರ 'ಸೈಕೋ' ಹೆಸರು ಕೇಳದವರು ಕಡಿಮೆ. ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶನ. ಟೈಟಲ್ ಮಾಡಿದವರು ಸಾಲ್ ಬಾಸ್. ಕಪ್ಪು ತೆರೆಯ ಮೇಲೆ ಬರೀ ಗೆರೆಗಳು. ಅಡ್ಡ, ಉದ್ದ ಓಡಿಬಂದು ಹೆಸರುಗಳನ್ನು ಚೂರು ಮಾಡಿ ಮತ್ತೆ ಕೂಡಿಸುತ್ತವೆ. ಹಿಂದೆ ಬರ್ನಾರ್ಡ್ ಹರ್ಮನ್ ಅವರ ಪಿಟೀಲುಗಳು. ಚಾಕು ಇಲ್ಲ, ರಕ್ತ ಇಲ್ಲ. ಆದರೂ ಏನೋ ಕೊಯ್ಯುತ್ತಿದ್ದಾರೆ ಅನ್ನಿಸುತ್ತದೆ.

ಆ ಚಿತ್ರಕ್ಕೆ ಹಿಚ್‌ಕಾಕ್ ಒಂದು ಕಟ್ಟುಪಾಡು ಮಾಡಿದರು. ಸಿನಿಮಾ ಶುರುವಾದ ಮೇಲೆ ಬಂದವರನ್ನು ಟಾಕೀಸಿನ ಒಳಗೆ ಬಿಡುವಂತಿಲ್ಲ. ಕಾರಣ ಇತ್ತು. ನಾಯಕಿ ಎಂದುಕೊಂಡವಳು ಅರ್ಧಕ್ಕೂ ಮುಂಚೆ ಸಾಯುತ್ತಾಳೆ. ತಡವಾಗಿ ಬಂದವನು ನಾಯಕಿ ಎಲ್ಲಿ ಎಂದು ಹುಡುಕುತ್ತಾ ಕೂರುತ್ತಾನೆ.

ಈ ಕಟ್ಟುಪಾಡು ನಮ್ಮ ಜಗಳೂರು, ನ್ಯಾಮತಿಗಳಲ್ಲಿ ನಡೆಯುತ್ತಿತ್ತೇ? ಹಳ್ಳಿಯವರು ಟಾಕೀಸಿಗೆ ಬರುವುದು ಬಸ್ಸಿನ ಹೊತ್ತಿಗೆ, ಸಿನಿಮಾದ ಹೊತ್ತಿಗಲ್ಲ. ಬಸ್ಸು ತಡವಾದರೆ ಟೈಟಲ್ ಹೋಯಿತು. ಸೆಕೆಂಡ್ ಷೋಗೆ ಬಂದವರಿಗೆ ವಾಪಸ್ ಬಸ್ಸಿಲ್ಲ. ಫಸ್ಟ್ ಷೋದವರು ಕೊನೆಯ ಬಸ್ಸಿಗಾಗಿ ಕ್ಲೈಮ್ಯಾಕ್ಸ್ ಬಿಟ್ಟು ಓಡಬೇಕು. ಕೊಲೆಗಾರ ಯಾರೆಂದು ಮರುದಿನ ಹೋಟೆಲಿನಲ್ಲಿ ಬೇರೆಯವರನ್ನು ಕೇಳಿ ತಿಳಿದುಕೊಂಡವರು ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟೋ ಜನ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದಂಥದ್ದು. ಆಗ ಸಿನಿಮಾ ಬರುತ್ತಿದ್ದದ್ದು ರೀಲಿನ ಡಬ್ಬಗಳಲ್ಲಿ. 1000 ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ. ಪ್ರತಿ ಷೋದಲ್ಲೂ ರೀಲಿನ ತಲೆಯನ್ನು ಪ್ರೊಜೆಕ್ಟರಿಗೆ ಸಿಕ್ಕಿಸಬೇಕು, ಮುಗಿದ ಮೇಲೆ ಸುತ್ತಬೇಕು. ಹಾಗಾಗಿ ಮೊದಲು ಗೀರು ಬೀಳುವುದು, ಹರಿಯುವುದು ರೀಲಿನ ತಲೆ ಮತ್ತು ಬಾಲ. ಹರಿದಷ್ಟನ್ನು ಕತ್ತರಿಸಿ ಅಂಟಿಸಬೇಕು. ಬೆಂಗಳೂರಲ್ಲಿ ಓಡಿ, ಶಿವಮೊಗ್ಗ, ದಾವಣಗೆರೆಯಲ್ಲಿ ಓಡಿ, ಆಮೇಲೆ ತಾಲ್ಲೂಕಿಗೆ ಬರುವ ಪ್ರಿಂಟಿನ ಮೊದಲ ರೀಲು ಹೇಗಿರುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ. ಮೊದಲ ರೀಲಿನ ತಲೆಯಲ್ಲಿ ಇದ್ದದ್ದು ಏನು? ಹೆಸರುಗಳು. ಬಿಳಿ ಗೀರುಗಳ ಮಳೆಯಲ್ಲಿ ಓದಲಾಗದ ಹೆಸರುಗಳು.

ಆ ಹೆಸರುಗಳನ್ನು ಬರೆದವರ ಕೆಲಸ ಸುಲಭದ್ದಲ್ಲ. ಕಂಪ್ಯೂಟರ್ ಬರುವ ಮೊದಲು ಟೈಟಲ್ ಎಂದರೆ ಕೈಬರಹ. ಕಪ್ಪು ರಟ್ಟಿನ ಮೇಲೆ ಅಥವಾ ಗಾಜಿನ ಮೇಲೆ ಬಣ್ಣದಲ್ಲಿ ಅಕ್ಷರ ಬರೆದು ಒಂದೊಂದನ್ನೇ ಚಿತ್ರೀಕರಿಸಬೇಕು. ಓಡುವ ಕಾರಿನ ಮೇಲೆ ಅಕ್ಷರ ಬರಬೇಕಾದರೆ ಲ್ಯಾಬಿನಲ್ಲಿ ಎರಡು ಫಿಲ್ಮನ್ನು ಒಂದರ ಮೇಲೊಂದು ಇಟ್ಟು ಮೂರನೆಯದಕ್ಕೆ ಅಚ್ಚು ಹಾಕಬೇಕು. ಅದಕ್ಕೆ ಖರ್ಚು ಜಾಸ್ತಿ. ಥ್ರಿಲ್ಲರ್ ಅಕ್ಷರಗಳಿಗೆ ಬೇರೆ ರೂಪವೇ ಇತ್ತು: ಒಡೆದ ಗಾಜಿನಂಥ ಅಕ್ಷರ, ರಕ್ತ ಸೋರುವ ಒತ್ತಕ್ಷರ, ನೆರಳು ಚಾಚಿದ ಕೊಂಬು. ಊರ ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲೂ ಅದೇ ಅಕ್ಷರ. ಓದಲು ಬಾರದವರೂ ಆ ಅಕ್ಷರದ ರೂಪ ನೋಡಿ, ಇದು ಕೊಲೆ ಪಿಕ್ಚರು ಎಂದು ಹೇಳಿಬಿಡುತ್ತಿದ್ದರು.

ಅರ್ಕಾವತ್ತಿನ ಕಾಲ

1978ರಲ್ಲಿ ಕಾಶೀನಾಥ್ 'ಅಪರಿಚಿತ' ಮಾಡಿದರು. ದೊಡ್ಡ ನಾಯಕರಿಲ್ಲ, ನಂಬರಿಲ್ಲ, ಆಪರೇಷನ್ ಇಲ್ಲ. ಒಂದೇ ಪದ. ಆ ಪದ ಯಾರನ್ನು ಕುರಿತದ್ದು ಎಂಬ ಅನುಮಾನದಲ್ಲೇ ಸಿನಿಮಾ ನೋಡಿಸಿಕೊಂಡು ಹೋಗುತ್ತದೆ. ಅದನ್ನೇ ಅವರು 1981ರಲ್ಲಿ ಹಿಂದಿಯಲ್ಲೂ ಮಾಡಿದರು. 1979ರ 'ನಾ ನಿನ್ನ ಬಿಡಲಾರೆ' ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಹೆಸರೇ ಒಂದು ಮಾತು. ಕಾಡುವ ಪ್ರೇತ ನಮಗೇ ಹೇಳಿದ ಹಾಗೆ.

ಆಮೇಲೆ ಶಂಕರ್‌ನಾಗ್. 1980ರಲ್ಲಿ 'ಮಿಂಚಿನ ಓಟ', 1985ರಲ್ಲಿ 'ಆಕ್ಸಿಡೆಂಟ್'. ಫುಟ್‌ಪಾತಿನಲ್ಲಿ ಮಲಗಿದ ಬಡವರ ಮೇಲೆ ದೊಡ್ಡವರ ಮಗನ ಕಾರು ಹರಿಯುತ್ತದೆ. ಅದನ್ನು ಹೊರಗೆ ತರಲು ಹೊರಡುವವನು ಒಬ್ಬ ಪತ್ರಕರ್ತ. ಪತ್ರಿಕೋದ್ಯಮ ಓದಿದ ನಮ್ಮಂಥವರಿಗೆ ಆ ಚಿತ್ರ ಹತ್ತಿರದ್ದು. ಶುರುವನ್ನು ಹೇಗೆ ಮನಸ್ಸಿನಲ್ಲಿ ಉಳಿಸಬೇಕು ಎಂಬುದು ಶಂಕರ್‌ನಾಗ್ ಅವರಿಗೆ ಗೊತ್ತಿತ್ತು. ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯ ಟೈಟಲ್ ನೆನಪಿಸಿಕೊಳ್ಳಿ. ಆರ್.ಕೆ. ಲಕ್ಷ್ಮಣ್ ಅವರ ಗೆರೆಚಿತ್ರ, ಎಲ್. ವೈದ್ಯನಾಥನ್ ಅವರ ರಾಗ. ಕಥೆ ಮರೆತವರಿಗೂ ಆ ರಾಗ ನೆನಪಿದೆ.

1989ರಲ್ಲಿ ಸುನೀಲ್‌ಕುಮಾರ್ ದೇಸಾಯಿ ಅವರ ಮೊದಲ ಚಿತ್ರ 'ತರ್ಕ' ಬಂತು. ಶಂಕರ್‌ನಾಗ್, ದೇವರಾಜ್, ವನಿತಾ ವಾಸು. ಹಾಡೇ ಇಲ್ಲದ ಸಿನಿಮಾ. ಹಾಡಿಲ್ಲ ಎಂದರೆ ಎದ್ದು ಬೀಡಿ ಸೇದಲು ಹೊರಗೆ ಹೋಗಲು ಜಾಗವಿಲ್ಲ. ಮೊದಲಿಂದ ಕೊನೆವರೆಗೆ ಕೂತೇ ನೋಡಬೇಕು. ಆಗಿನ ಮಟ್ಟಿಗೆ ಅದು ದೊಡ್ಡ ಧೈರ್ಯ. ಮರುವರ್ಷವೇ ಅದು ತಮಿಳಿಗೂ ಹೋಯಿತು.

ಆ ಮರುವರ್ಷ, 1990ರ ಸೆಪ್ಟೆಂಬರ್ 30ರಂದು, ಶಂಕರ್‌ನಾಗ್ ತೀರಿಕೊಂಡರು. ಜಾಗ ನಮ್ಮದೇ ಜಿಲ್ಲೆಯ ಆನಗೋಡು, ದಾವಣಗೆರೆ–ಚಿತ್ರದುರ್ಗ ಹೆದ್ದಾರಿ. ರಸ್ತೆ ಅಪಘಾತ. ವಯಸ್ಸು ಇನ್ನೂ 35. 'ಆಕ್ಸಿಡೆಂಟ್' ಮಾಡಿದವರು ಆಕ್ಸಿಡೆಂಟಿನಲ್ಲೇ ಹೋದರು ಎಂದು ಹಿರಿಯರು ಈಗಲೂ ಆ ದಾರಿಯಲ್ಲಿ ಹೋಗುವಾಗ ಹೇಳುತ್ತಾರೆ. ಆಟೋಗಳ ಹಿಂದೆ ಅವರ ಚಿತ್ರ ಇಂದಿಗೂ ಇದೆ.

ದೇಸಾಯಿ ಮುಂದೆ ಹೋದರು. ಅವರ ಚಿತ್ರಗಳ ಹೆಸರನ್ನು ಸಾಲಾಗಿ ಬರೆದು ನೋಡಿ. 'ತರ್ಕ', 'ಉತ್ಕರ್ಷ' (1990), 'ಸಂಘರ್ಷ', 'ನಿಷ್ಕರ್ಷ' (ಎರಡೂ 1993), 'ಪ್ರತ್ಯರ್ಥ' (1999), 'ಸ್ಪರ್ಶ' (2000), 'ಪರ್ವ', 'ಮರ್ಮ' (ಎರಡೂ 2002), 'ಉದ್ಘರ್ಷ' (2019). ಏನು ಕಾಣುತ್ತದೆ? ಎಲ್ಲದರಲ್ಲೂ ಅರ್ಕಾವತ್ತು. ಇವೆಲ್ಲ ಥ್ರಿಲ್ಲರ್ ಅಲ್ಲ, 'ಸ್ಪರ್ಶ' ಪ್ರೇಮಕಥೆ. ಆದರೂ ಗೋಡೆಯ ಮೇಲೆ ಅರ್ಕಾವತ್ತು ಇರುವ ಒಂದೇ ಪದ ಕಂಡರೆ, ಇದು ದೇಸಾಯಿ ಪಿಕ್ಚರು ಎಂದು ಗುರುತು ಹಿಡಿಯುವಂತಾಯಿತು. ಹೆಸರೇ ಸಹಿ ಆಯಿತು.

ಅರ್ಕಾವತ್ತಿಗೆ ಒಂದು ಗುಣ ಇದೆ, ಮೇಷ್ಟ್ರು ಹೇಳಿಕೊಟ್ಟದ್ದು. ಬಾಯಲ್ಲಿ ಮೊದಲು ಬರುತ್ತದೆ, ಬರಹದಲ್ಲಿ ಆಮೇಲೆ ಬರುತ್ತದೆ. ಕೊಲೆಯ ಕಥೆಯೂ ಹಾಗೇ. ಮೊದಲು ನಡೆದದ್ದನ್ನು ಆಮೇಲೆ ತೋರಿಸುತ್ತಾರೆ.

'ನಿಷ್ಕರ್ಷ' ನಮ್ಮ ಹೊನ್ನಾಳಿಯವರಿಗೆ ಇನ್ನೊಂದು ಕಾರಣಕ್ಕೆ ಗೊತ್ತು. ಒಂದು ಕಟ್ಟಡ, ಒಂದು ಬ್ಯಾಂಕು, ಒಳಗೆ ದರೋಡೆಕೋರರು, ಎದುರಿಗೆ ವಿಷ್ಣುವರ್ಧನ್. ಅದರಲ್ಲಿ ಪೊಲೀಸ್ ಇಲಾಖೆಯಿಂದ ಬಂದ ಹೊಸ ನಟ ಬಿ.ಸಿ. ಪಾಟೀಲ್. ಮುಂದೆ 'ಕೌರವ'ನಾಗಿ, ಪಕ್ಕದ ಹಿರೇಕೆರೂರಿನ ಶಾಸಕರಾಗಿ, ಮಂತ್ರಿಯಾಗಿ ಎಲ್ಲರಿಗೂ ಗೊತ್ತಾದವರು. ಹೊಸಬರ ಹೆಸರು ತೆರೆಯ ಮೇಲೆ ಬಂದು ಹೋಗುವುದು ಎರಡೋ ಮೂರೋ ಸೆಕೆಂಡು. ಹಾಗೆ ಬಂದುಹೋದ ಹೆಸರುಗಳಲ್ಲಿ ಯಾವುದು ಮುಂದೆ ದೊಡ್ಡದಾಗುತ್ತದೆ ಎಂದು ಆವತ್ತು ಯಾರು ಬಲ್ಲರು?

ಶ್!

1993ರಲ್ಲೇ ಕಾಶೀನಾಥ್ ಗರಡಿಯ ಉಪೇಂದ್ರ 'ಶ್!' ಮಾಡಿದರು. ಹೆಸರಲ್ಲಿ ಸ್ವರವೇ ಇಲ್ಲ, ಅರ್ಧ ಅಕ್ಷರ. ಅದು ಹೆಸರೋ ಅಪ್ಪಣೆಯೋ? ಟಾಕೀಸಿನಲ್ಲಿ ಗಲಾಟೆ ಮಾಡುವವರಿಗೆ ಟೈಟಲೇ ಸುಮ್ಮನಿರಿ ಎಂದು ಹೇಳುತ್ತಿತ್ತು. ಆಮೇಲೆ 1995ರಲ್ಲಿ 'ಓಂ', 1998ರಲ್ಲಿ 'ಎ'. ಸೆನ್ಸಾರಿನವರು ದೊಡ್ಡವರ ಚಿತ್ರಕ್ಕೆ ಕೊಡುವ ಅಕ್ಷರವೂ 'ಎ'. 2010ರ 'ಸೂಪರ್'ಗೆ ಬಂದಾಗ ಅಕ್ಷರವೂ ಹೋಗಿ ಬೆರಳಿನ ಸನ್ನೆಯೊಂದೇ ಉಳಿಯಿತು. ಹೆಸರನ್ನು ಕಡಿಮೆ ಮಾಡುತ್ತಾ ಹೋದಷ್ಟೂ ಜನರ ಕುತೂಹಲ ಜಾಸ್ತಿಯಾಗುತ್ತದೆ ಎಂಬುದು ಅವರ ಲೆಕ್ಕ.

ಸೆನ್ಸಾರ್ ಸರ್ಟಿಫಿಕೇಟು ಕೂಡ ಶುರುವಿನ ಭಾಗವೇ. 1952ರ ಸಿನಿಮಾಟೊಗ್ರಾಫ್ ಕಾಯ್ದೆ ಪ್ರಕಾರ ಅದು ಮೊದಲು ಬರಬೇಕು. 1983ರವರೆಗೆ ಎರಡೇ ದರ್ಜೆ ಇದ್ದವು, 'ಯು' ಮತ್ತು 'ಎ'. ಆಮೇಲೆ 'ಯು/ಎ' ಬಂತು. ಗಾಂಧಿ ಕ್ಲಾಸಿನ ಹುಡುಗರು ಅದರಲ್ಲಿ ನೋಡುತ್ತಿದ್ದದ್ದು ರೀಲಿನ ಸಂಖ್ಯೆ. "ಹದಿನಾರು ರೀಲು!" ಎಂದರೆ ದುಡ್ಡಿಗೆ ಮೋಸವಿಲ್ಲ. ಸರ್ಟಿಫಿಕೇಟಿನ ಮೂಲೆಯಲ್ಲಿ ತ್ರಿಕೋನ ಇದ್ದರೆ ಸೆನ್ಸಾರಿನವರು ಏನೋ ಕತ್ತರಿಸಿದ್ದಾರೆ ಎಂದರ್ಥ. ಅದು ಗೊತ್ತಿದ್ದವರು ಇಡೀ ಸಿನಿಮಾ ಆ ಕತ್ತರಿ ಎಲ್ಲಿ ಬಿದ್ದಿದೆ ಎಂದು ಹುಡುಕುತ್ತಿದ್ದರು.

ಕಾಲ್ಪನಿಕವೋ, ನಿಜವೋ

ಇನ್ನೊಂದು ಸಾಲು ಎಲ್ಲ ಥ್ರಿಲ್ಲರ್‌ಗಳಲ್ಲೂ ಇರುತ್ತದೆ: ಇಲ್ಲಿನ ಪಾತ್ರಗಳೆಲ್ಲ ಕಾಲ್ಪನಿಕ. ಇದರ ಹಿಂದೆ ಒಂದು ಕೋರ್ಟ್ ಕೇಸಿದೆ. 1932ರಲ್ಲಿ ಅಮೆರಿಕದ ಎಂ.ಜಿ.ಎಂ. ಕಂಪನಿ ರಷ್ಯಾದ ರಾಸ್ಪುಟಿನ್ ಬಗ್ಗೆ ಸಿನಿಮಾ ಮಾಡಿತು. ಅದರ ಒಂದು ಪಾತ್ರ ತನ್ನನ್ನೇ ಹೋಲುತ್ತದೆ, ತನ್ನ ಮಾನ ಹೋಯಿತು ಎಂದು ರಾಜಕುಮಾರಿ ಇರೀನಾ ಯುಸುಪೋವಾ ಲಂಡನ್ನಿನಲ್ಲಿ ದಾವೆ ಹೂಡಿ 1934ರಲ್ಲಿ ಗೆದ್ದರು. ಅಲ್ಲಿಂದಾಚೆ ಸಿನಿಮಾದವರು ಮುನ್ನೆಚ್ಚರಿಕೆಯಾಗಿ ಈ ಸಾಲು ಹಾಕುವುದು ರೂಢಿಯಾಯಿತು.

ಇದಕ್ಕೆ ವಿರುದ್ಧದ್ದು 'ನೈಜ ಘಟನೆ ಆಧಾರಿತ'. 2007ರ 'ಆ ದಿನಗಳು' ಅಗ್ನಿ ಶ್ರೀಧರ್ ಅವರ ಅನುಭವದ ಬರಹದಿಂದ ಬಂದದ್ದು, ಅಲ್ಲಿ ಆ ಮಾತಿಗೆ ಆಧಾರ ಇದೆ. 2013ರ '6-5=2' ಮಾತ್ರ ಆಟ ಆಡಿತು. ಕಾಡಿಗೆ ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಎಂಬಂತೆ ಕಟ್ಟಿದ ಕಥೆ. ಹೆಸರೇ ತಪ್ಪು ಲೆಕ್ಕ. ಒಂದನೇ ಕ್ಲಾಸಿನ ಮಗುವೂ ತಿದ್ದಬಲ್ಲದು. ಆದರೂ ನಮ್ಮ ಕಡೆ ಎಷ್ಟೋ ಜನ ಅದನ್ನು ನಡೆದ ಘಟನೆ ಎಂದೇ ನಂಬಿದರು. ವಾಟ್ಸಾಪ್‌ನಲ್ಲಿ 'ನಿಜವಾಗಿ ನಡೆದದ್ದು' ಎಂಬ ತಲೆಬರಹ ಕಂಡಾಗ ನಮಗೆ ಈ ಸಿನಿಮಾ ನೆನಪಾಗುತ್ತದೆ. ಶುರುವಿನ ಒಂದು ಸಾಲು ನೋಡುವವರ ಕಣ್ಣನ್ನೇ ಬದಲಿಸುತ್ತದೆ.

2014ರ 'ಉಳಿದವರು ಕಂಡಂತೆ' ಇದನ್ನು ಪ್ರಾಮಾಣಿಕವಾಗಿ ಮಾಡಿತು. ಮಲ್ಪೆಯಲ್ಲಿ ನಡೆದ ಒಂದು ಘಟನೆ. ಒಬ್ಬ ಪತ್ರಕರ್ತೆ ಹಲವರನ್ನು ಮಾತಾಡಿಸುತ್ತಾಳೆ. ಅಧ್ಯಾಯ ಅಧ್ಯಾಯಕ್ಕೂ ಬೇರೆ ಹೆಸರು, ಬೇರೆಯವರ ಕಣ್ಣು. ಇದು ಪೂರ್ತಿ ಸತ್ಯವಲ್ಲ, ಉಳಿದವರು ಕಂಡದ್ದು ಮಾತ್ರ ಎಂದು ಟೈಟಲೇ ಮೊದಲು ಒಪ್ಪಿಕೊಳ್ಳುತ್ತದೆ. ಸುದ್ದಿ ಬರೆಯುವ ನಮಗೂ ಅದು ಪಾಠ.

ಹೆಸರು ಹೋಗುವ ಜಾಗ

ಈಗ ಹೆಸರುಗಳು ಹೆಚ್ಚಾಗಿ ಸಿನಿಮಾದ ಕೊನೆಗೆ ಹೋಗಿವೆ. ಟಾಕೀಸಿನಲ್ಲಿ ಆ ಹೊತ್ತಿಗೆ ಲೈಟ್ ಹಾಕಿ ಬಾಗಿಲು ತೆಗೆದಿರುತ್ತಾರೆ. ಮೊಬೈಲ್‌ನಲ್ಲಿ ಮುಂದಿನ ಸಿನಿಮಾ ತಾನೇ ಶುರುವಾಗುತ್ತದೆ. ಶುರುವಿನಲ್ಲಿ ಉಳಿದದ್ದನ್ನೂ ಹಾರಿಸಲು 2017ರಲ್ಲಿ ನೆಟ್‌ಫ್ಲಿಕ್ಸ್ ಒಂದು ಬಟನ್ನೇ ತಂದಿತು. ಅಂದು ರೀಲು ಹರಿದು ಹೋಗುತ್ತಿದ್ದದ್ದು ಇಂದು ಹೆಬ್ಬೆರಳಿನಿಂದ ಹೋಗುತ್ತಿದೆ.

ಹೋಗುತ್ತಿರುವುದು ಯಾರ ಹೆಸರು? ನಾಯಕನದಲ್ಲ, ಅದು ಪೋಸ್ಟರಿನಲ್ಲಿದೆ. ಲೈಟು ಹೊತ್ತವರು, ಕ್ಯಾಮೆರಾ ಗಾಡಿ ತಳ್ಳಿದವರು, ಬಟ್ಟೆ ಇಸ್ತ್ರಿ ಮಾಡಿದವರು, ಊಟ ಬಡಿಸಿದವರು, ಚಿತ್ರೀಕರಣಕ್ಕೆ ಮನೆ ಬಿಟ್ಟುಕೊಟ್ಟ ಊರಿನವರು. ಕೃತಜ್ಞತೆಯ ಪಟ್ಟಿಯಲ್ಲಿ ತಮ್ಮ ಊರಿನ ಹೆಸರು 2 ಸೆಕೆಂಡ್ ಬರುತ್ತದೆಂದು ಸಿನಿಮಾ ನೋಡಲು ಹೋದವರಿದ್ದಾರೆ.

ಇದು ನಮಗೆ ಯಾಕೆ ನಾಟುತ್ತದೆ ಎಂದರೆ, ನಾವೂ ಆ ಪಟ್ಟಿಯವರೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಸುದ್ದಿ ಕಳಿಸುತ್ತೇವೆ. ಮಳೆಯಲ್ಲಿ ನೆನೆದು, ಪೆಟ್ರೋಲಿಗೆ ಕೈಯಿಂದ ಹಾಕಿ ತಂದ ಸುದ್ದಿಯ ಮೇಲೆ ಅಚ್ಚಾಗುವುದು ಊರಿನ ಹೆಸರು ಮಾತ್ರ. ಜಾಗ ಸಾಲದಿದ್ದರೆ ಮೊದಲು ಹೋಗುವುದು ಬರೆದವರ ಹೆಸರು. ಯಾರ ಮೇಲೂ ದೂರು ಹೇಳುತ್ತಿಲ್ಲ, ಪುಟ ಕಟ್ಟುವವರ ಕಷ್ಟವೂ ನಮಗೆ ಗೊತ್ತು. ಆದರೆ ಹೆಸರು ಎಂದರೆ ಬರೀ ಹೆಮ್ಮೆಯಲ್ಲ. ಈ ಕೆಲಸಕ್ಕೆ ನಾನು ಜವಾಬ್ದಾರ ಎಂಬ ಸಹಿ. ಸುದ್ದಿ ತಪ್ಪಾದರೆ ಯಾರನ್ನು ಕೇಳಬೇಕು ಎಂದು ಓದುಗರಿಗೆ ಗೊತ್ತಾಗುವುದೂ ಅದರಿಂದಲೇ.

ಮುಂದಿನ ವಾರ ಮತ್ತೆ ಅದೇ ಚಪ್ಪರಕ್ಕೆ ಹೋಗಿದ್ದೆವು. ಹಿಂದಿನ ಸಲ ಹೋದಾಗ ಹೇಳಿದ್ದು ನೆನಪಿತ್ತೋ ಏನೋ, ಹುಡುಗ ಸಿನಿಮಾವನ್ನು ಮೊದಲಿಂದ ಹಾಕಿದ. ಮತ್ತೆ ಕತ್ತಲೆ, ಮಳೆ, ಕಾರು. ಹೆಸರುಗಳು ಬಂದವು. ಈ ಸಲ ಯಾರೂ ಓಡಿಸು ಅನ್ನಲಿಲ್ಲ. ಕಾರಿನ ಬಾಗಿಲು ತೆಗೆದು ಇಳಿದವನ ಕೈ ಕಂಡಿತು.

"ಓ, ಇವ್ನದಾ ಕಾರು!" ಅಂದರು ಆ ಅಕ್ಕ. ಕೈಯಲ್ಲಿದ್ದ ಅಡಿಕೆ ಹಾಗೇ ನಿಂತಿತ್ತು.